ಏರೋಪ್ಲೇನ್ ಚಿಟ್ಟೆ ಹಾರಿಹೋದರೆ ಅದು ಕೂತಿದ್ದ ಕಡ್ಡಿ ಹತ್ತಿರ ಕಾಯಿರಿ

ಪ್ರಶ್ನೆ: ಮನೆ ಹತ್ತಿರದ ಕೊಳದಲ್ಲಿ ಏರೋಪ್ಲೇನ್ ಚಿಟ್ಟೆಗಳು (ಡ್ರ್ಯಾಗನ್‌ಫ್ಲೈ) ತುಂಬಾ ಇವೆ. ರಜೆ ದಿನ ಹನ್ನೊಂದು ಗಂಟೆ ಹೊತ್ತಿಗೆ ಕ್ಯಾಮೆರಾ ಹಿಡಿದು ಹೋಗುತ್ತೇನೆ. ಹತ್ತಿರ ಹೋದ ಕೂಡಲೇ ಹಾರಿಬಿಡುತ್ತವೆ. ಸಿಕ್ಕಿದ ಫೋಟೊಗಳೂ ಮಸುಕು. ನನ್ನ ಹತ್ತಿರ 55–250 ಎಂ.ಎಂ. ಜೂಮ್ ಲೆನ್ಸ್ ಇದೆ. ಸಣ್ಣ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ತಗೊಳ್ಳಲೇಬೇಕಾ? ಮಗಳು ಫೋನಿನಲ್ಲೇ ತೆಗೆಯಬೇಕು ಅಂತಾಳೆ, ಅದು ಆಗುತ್ತಾ?

ಉತ್ತರ: ಹೊಸ ಲೆನ್ಸ್ ಈಗಲೇ ಬೇಡ. ಇರುವ ಲೆನ್ಸನ್ನು 250ಕ್ಕೆ ಇಟ್ಟು, ಸುಮಾರು ಒಂದು ಮೀಟರ್ ದೂರದಿಂದ ತೆಗೆದರೆ ಒಳ್ಳೆಯ ಚಿತ್ರವೇ ಬರುತ್ತದೆ.

ಹಾರಿದ ಚಿಟ್ಟೆ ಆಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಗಮನಿಸಿದ್ದೀರಾ? ಅನೇಕ ಜಾತಿಗಳು ಒಂದು ಸುತ್ತು ಹಾಕಿ, ಸೊಳ್ಳೆಯನ್ನೋ ನೊಣವನ್ನೋ ಹಿಡಿದು, ಮತ್ತೆ ಅದೇ ಕಡ್ಡಿಗೆ ಬಂದು ಕೂರುತ್ತವೆ. ಹಾಗಾಗಿ ಅದರ ಹಿಂದೆ ಓಡಬೇಡಿ. ಅದು ಹಾರಿರುವಾಗಲೇ ಕಡ್ಡಿಯ ಹತ್ತಿರ ಹೋಗಿ, ಕೂತು, ಕಡ್ಡಿ ತುದಿಗೆ ಫೋಕಸ್ ಮಾಡಿಟ್ಟುಕೊಳ್ಳಿ. ಹತ್ತು ನಿಮಿಷ ಕಾದರೆ ಸಾಕು, ಅದರ ಓಡಾಟ ನಿಮಗೇ ಗೊತ್ತಾಗುತ್ತದೆ. ಕೆಲವು ಜಾತಿಗಳು ಮಾತ್ರ ಕೂರುವುದೇ ಅಪರೂಪ. ಅವನ್ನು ಸುಮ್ನೆ ನೋಡಿ, ಅದೂ ಖುಷಿಯೇ.

ಇವುಗಳ ಒಂದೊಂದು ಕಣ್ಣಲ್ಲೂ ಸಾವಿರಾರು ಪುಟ್ಟ ಕಣ್ಣುಗಳಿರುತ್ತವೆ. ಚೂರು ಅಲುಗಾಡಿದರೂ ತಿಳಿಯುತ್ತದೆ. ಅದಕ್ಕೇ ಬಗ್ಗಿ, ನಿಧಾನವಾಗಿ ಹೋಗಬೇಕು. ನಿಮ್ಮ ನೆರಳು ಅದರ ಮೇಲೆ ಬೀಳಬಾರದು.

ಹನ್ನೊಂದು ಗಂಟೆ ಅಂದರೆ ಅವು ಪೂರ್ತಿ ಚುರುಕಾಗಿರುವ ಹೊತ್ತು. ಮೈ ಬೆಚ್ಚಗಾಗದೆ ಅವು ಹಾರಲಾರವು. ಸೂರ್ಯ ಹುಟ್ಟುವ ಮೊದಲೇ ಹೋಗಿ, ದಂಡೆಯ ಹುಲ್ಲಿನ ನಡುವೆ ಹುಡುಕಿ. ಮೈ ತುಂಬ ಇಬ್ಬನಿ ಹೊತ್ತು ಕದಲದೆ ಕೂತಿರುವುದು ಸಿಗಬಹುದು. ಬಿಸಿಲು ತಾಗಿದ ಮೇಲೆ ಅದು ಮುಂಗಾಲಿನಿಂದ ಕಣ್ಣು ಒರೆಸಿಕೊಳ್ಳುತ್ತದೆ, ರೆಕ್ಕೆಗಳನ್ನು ಸಣ್ಣಗೆ ನಡುಗಿಸಿ ಮೈ ಕಾಯಿಸಿಕೊಳ್ಳುತ್ತದೆ. ನಾನು ಎಷ್ಟು ಸಲ ನೋಡಿದರೂ ಸಾಲದು ಅನಿಸುವ ನೋಟ ಇದು. ಮಗಳ ಫೋನಿಗೂ ಇದೇ ಸರಿಯಾದ ಹೊತ್ತು. ಬೆರಳಿಂದ ಜೂಮ್ ಎಳೆಯುವ ಬದಲು ಮೆಲ್ಲಗೆ ಹತ್ತಿರ ಹೋಗಲು ಹೇಳಿ.

ಮಸುಕಿಗೆ ಕಾರಣ ಹೆಚ್ಚಾಗಿ ಶಟರ್ ವೇಗ, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಒಳಗೆ ಬಿಡುತ್ತದೆ ಅನ್ನುವುದು. ಕೂತಿದ್ದರೆ 1/500 ಸೆಕೆಂಡ್ ಇಡಿ, ಹಾರುವಾಗ 1/2000 ಆದರೂ ಬೇಕು. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಳತೆ) ಎಫ್/8 ಇರಲಿ. ಫೋಕಸ್ ಕಣ್ಣಿನ ಮೇಲಿರಲಿ. ಪಕ್ಕದಿಂದ ತೆಗೆಯುವಾಗ ಕ್ಯಾಮೆರಾವನ್ನು ಅದರ ಮೈಗೆ ಸಮಾನಾಂತರವಾಗಿ ಹಿಡಿಯಿರಿ, ತಲೆಯಿಂದ ಬಾಲದವರೆಗೂ ಸ್ಪಷ್ಟವಾಗಿ ಬರುತ್ತದೆ.

ಇನ್ನೊಂದು ವಿಷಯ. ನೀರಿನಿಂದ ಮೇಲೆದ್ದ ಗಿಡದ ಕಾಂಡದಲ್ಲಿ ಬೆನ್ನು ಬಿರಿದ ಕಂದು ಬಣ್ಣದ ಒಣ ಪೊರೆ ಅಂಟಿಕೊಂಡಿದ್ದರೆ ಅಲ್ಲೇ ಸ್ವಲ್ಪ ಹುಡುಕಿ. ನೀರಿನಲ್ಲಿ ಬೆಳೆದ ಮರಿ ಕಾಂಡ ಹತ್ತಿ, ಪೊರೆ ಬಿಟ್ಟು ಹೊರಬಂದ ಜಾಗ ಅದು. ಹೊಸ ಚಿಟ್ಟೆ ಪಕ್ಕದಲ್ಲೇ ಇರಬಹುದು. ಮೈ ಬಣ್ಣ ಪೇಲವ, ರೆಕ್ಕೆ ಮಾತ್ರ ಗಾಜಿನ ಹಾಗೆ ಮಿರಮಿರ. ಆಗ ರೆಕ್ಕೆ ತುಂಬಾ ಮೆತ್ತಗಿರುತ್ತದೆ. ಮುಟ್ಟಿ ಮಡಚಿದರೆ ಅದು ಮತ್ತೆ ಸರಿಯಾಗುವುದಿಲ್ಲ, ಜೀವಕ್ಕೇ ಕುತ್ತು. ಚಿತ್ರಕ್ಕೆ ಅಡ್ಡ ಅಂತ ಸುತ್ತಲಿನ ಹುಲ್ಲನ್ನೂ ಕೀಳಬೇಡಿ. ಬೇಕಾದರೆ ನೀವೇ ಎರಡು ಅಡಿ ಪಕ್ಕಕ್ಕೆ ಸರಿದು ಕೂತುಕೊಳ್ಳಿ.