ಮೈನಸ್ 9ರ ಕಣ್ಣಿಗೆ ಲೇಸರ್ ಆಗುತ್ತದೆಯೇ?

ಪ್ರಶ್ನೆ: ನನಗೆ 23 ವರ್ಷ. ಬಲಗಣ್ಣಿಗೆ ಮೈನಸ್ 9, ಎಡಗಣ್ಣಿಗೆ ಮೈನಸ್ 8 ಪವರ್ ಇದೆ. ಹೋದ ವರ್ಷ ಬಲಗಣ್ಣಿನದು ಎಂಟೂವರೆ ಇತ್ತು. ನಮ್ಮದು ಮಂಡಕ್ಕಿ ಭಟ್ಟಿ. ಭಟ್ಟಿಯ ಮುಂದೆ ನಿಂತರೆ ಕನ್ನಡಕದ ಮೇಲೆ ಬೂದಿ ಕೂರುತ್ತದೆ, ಬೆವರಿಗೆ ಅದು ಮೂಗಿನಿಂದ ಜಾರುತ್ತದೆ, ಹೊಗೆಗೆ ಕಣ್ಣು ಉಜ್ಜಿಕೊಳ್ಳುವುದಂತೂ ಅಭ್ಯಾಸವೇ ಆಗಿಬಿಟ್ಟಿದೆ. ಮೈನಸ್ 3 ಇದ್ದ ಗೆಳತಿ ಲೇಸರ್ ಮಾಡಿಸಿಕೊಂಡು ಮರುದಿನವೇ ಕನ್ನಡಕ ಬಿಟ್ಟಳು. ನಾನು ತೋರಿಸಿದಾಗ ಒಂದು ಕಡೆ ‘ಆಗುತ್ತದೆ’ ಎಂದರು, ಇನ್ನೊಂದು ಕಡೆ ‘ಕಾರ್ನಿಯಾ ದಪ್ಪ 498 ಮಾತ್ರ, ಬೇಡ’ ಎಂದರು. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಅಷ್ಟರೊಳಗೆ ಮುಗಿಸಬೇಕೆಂದು ಅಮ್ಮನ ಆಸೆ. ಯಾರ ಮಾತು ನಂಬಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ, ಒಬ್ಬರು ಕನಿಷ್ಠ ಮಿತಿಯನ್ನು ನೋಡಿದ್ದಾರೆ, ಇನ್ನೊಬ್ಬರು ಅದರಾಚೆ ಎಷ್ಟು ಉಳಿಯುತ್ತದೆ ಎಂದು ನೋಡಿದ್ದಾರೆ. ಲೇಸಿಕ್ ಎಂಬ ಸಾಮಾನ್ಯ ಲೇಸರ್ ಚಿಕಿತ್ಸೆಯಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಕಾರ್ನಿಯಾದ ಮೇಲ್ಪದರವೊಂದನ್ನು ಸುಮಾರು 110 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ದಪ್ಪಕ್ಕೆ ಕೊಯ್ದು ಮಗುಚಿ, ಕೆಳಗಿನ ಭಾಗವನ್ನು ಲೇಸರ್‌ನಿಂದ ಸವೆಸಿ, ಪದರವನ್ನು ಮತ್ತೆ ಮುಚ್ಚುತ್ತಾರೆ. ಒಂದು ಡಯಾಪ್ಟರ್, ಅಂದರೆ ಮೈನಸ್ 1ರಷ್ಟು ಪವರ್ ಇಳಿಸಲು ಸರಿಸುಮಾರು 14 ಮೈಕ್ರಾನ್ ಸವೆಸಬೇಕಾಗುತ್ತದೆ. ನಿಮ್ಮ ಗೆಳತಿಗೆ 42 ಮೈಕ್ರಾನ್ ಹೋಗಿದ್ದೀತು. ನಿಮ್ಮ ಬಲಗಣ್ಣಿಗೆ 126 ಹೋಗಬೇಕು. 498ರಲ್ಲಿ 110 ಮತ್ತು 126 ಕಳೆದರೆ ಉಳಿಯುವುದು 262. ಪದರದ ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಬೇಕೆಂಬುದು ಬಹುಕಾಲದ ನಿಯಮವಾದ್ದರಿಂದ ಲೆಕ್ಕದ ಪ್ರಕಾರ ನೀವು ಪಾಸು. ಆದರೆ ಇಂದು ಅನೇಕ ವೈದ್ಯರು 300ರ ಆಸುಪಾಸು ಉಳಿಸಲು ಬಯಸುತ್ತಾರೆ. ಪದರ ಮತ್ತು ಸವೆತ ಎರಡೂ ಸೇರಿ ಒಟ್ಟು ದಪ್ಪದ ಶೇ 40ನ್ನು ದಾಟಿದರೆ ಅಪಾಯ ಹೆಚ್ಚೆಂದು ಎಣಿಸುತ್ತಾರೆ. ನಿಮ್ಮಲ್ಲಿ ಅದು ಶೇ 47ರಷ್ಟಾಗುತ್ತದೆ. ಮುಂದೆ ಒಂದಿಷ್ಟು ಪವರ್ ಮರಳಿ ಬಂದರೆ ಮತ್ತೆ ಸವೆಸಲು ಅಲ್ಲಿ ಏನೂ ಇರುವುದಿಲ್ಲ.

ಈ ಲೆಕ್ಕಕ್ಕಿಂತ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು, ನೀವು ಬರೆಯುವ ಭರದಲ್ಲಿ ಹೇಳಿಬಿಟ್ಟ ಕಣ್ಣುಜ್ಜುವ ಅಭ್ಯಾಸ. ದಿನವೂ ಮುಂಗೈಯಿಂದ ಒತ್ತಿ ಉಜ್ಜುವ ಕಣ್ಣಿನಲ್ಲಿ ಕಾರ್ನಿಯಾ ಬಲಗುಂದಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಎಂಬ ತೊಂದರೆಯ ಸಾಧ್ಯತೆ ಹೆಚ್ಚು. ಅದರ ಆರಂಭದ ಹಂತ ಕನ್ನಡಕದ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ, ಕಾರ್ನಿಯಾದ ನಕ್ಷೆ ತೆಗೆಯುವ ಪೆಂಟಾಕ್ಯಾಮ್‌ನಂಥ ಯಂತ್ರದಲ್ಲಿ ಕಾಣಿಸುತ್ತದೆ. ಅದರ ಸಂಶಯವಿದ್ದರೆ ಲೇಸರ್‌ನಿಂದ ಮತ್ತಷ್ಟು ತೆಳುವಾಗಿಸುವುದು ಶಿಥಿಲ ಗೋಡೆಯ ಕಲ್ಲು ಕಿತ್ತಂತೆ. ಆ ನಕ್ಷೆಯ ವರದಿ ನಿಮ್ಮ ಬಳಿ ಇದ್ದರೆ ಇನ್ನೊಬ್ಬ ಕಾರ್ನಿಯಾ ತಜ್ಞರಿಗೆ ತೋರಿಸಿ. ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ, ಮೃದು ಲೆನ್ಸನ್ನು ಒಂದೆರಡು ವಾರ ಮುಂಚೆಯೇ ಬಿಟ್ಟಿರಬೇಕು, ಇಲ್ಲವಾದರೆ ನಕ್ಷೆ ತಪ್ಪು ತೋರಿಸೀತು. ಹೊಗೆಯಿಂದ ಕಣ್ಣು ಒಣಗಿದೆಯೇ ಎಂಬುದನ್ನೂ ಆಗಲೇ ನೋಡಿಸಿ, ಏಕೆಂದರೆ ಲೇಸರ್ ಆದ ಮೇಲೆ ಕೆಲವು ತಿಂಗಳು ಕಣ್ಣು ಇನ್ನಷ್ಟು ಒಣಗುವುದು ಸಾಮಾನ್ಯ.

ಪವರ್ ಒಂದು ವರ್ಷದಲ್ಲಿ ಅರ್ಧ ಡಯಾಪ್ಟರ್‌ಗಿಂತ ಹೆಚ್ಚು ಬದಲಾಗಿರಬಾರದು ಎಂಬುದು ಇನ್ನೊಂದು ಷರತ್ತು. ನೀವು ಸರಿಯಾಗಿ ಆ ಗೆರೆಯ ಮೇಲೆ ನಿಂತಿದ್ದೀರಿ. ಆರು ತಿಂಗಳು ಬಿಟ್ಟು ಮತ್ತೆ ಅಳೆಸಿ. ಗಂಡು ನೋಡುವ ಕೆಲಸ ಅದರ ಪಾಡಿಗೆ ನಡೆಯಲಿ, ಅದರ ತಾರೀಖಿಗೆ ಕಣ್ಣು ಕೊಯ್ಯಿಸುವುದು ಬೇಡ.

ಪದರ ಕೊಯ್ಯದೆ ಮಾಡುವ ಪಿ.ಆರ್.ಕೆ. ಎಂಬ ಲೇಸರ್‌ನಲ್ಲಿ ದಪ್ಪ ಉಳಿಯುತ್ತದಾದರೂ ಇಷ್ಟು ದೊಡ್ಡ ಪವರ್‌ಗೆ ಕಾರ್ನಿಯಾ ಮಬ್ಬಾಗುವ ಭಯವಿದೆ. ಸಣ್ಣ ಸೀಳಿನ ಮೂಲಕ ಕಾರ್ನಿಯಾದ ತುಣುಕು ತೆಗೆಯುವ ಸ್ಮೈಲ್ ಎಂಬ ಲೇಸರ್ ವಿಧಾನದಲ್ಲಿ ಗಾಯ ಚಿಕ್ಕದು, ತೆಗೆಯುವ ಅಂಗಾಂಶವೇನೂ ಕಡಿಮೆಯಲ್ಲ. ನಿಮ್ಮಂಥವರಿಗೆ ನಾನು ಹೆಚ್ಚಾಗಿ ಸೂಚಿಸುವುದು ಐ.ಸಿ.ಎಲ್., ಅಂದರೆ ಕಣ್ಣಿನ ಸಹಜ ಮಸೂರವನ್ನು ಮುಟ್ಟದೆ ಅದರ ಮುಂದೆ, ಪಾಪೆಯ ಹಿಂದೆ ಕೂರಿಸುವ ತೆಳುವಾದ ಮಸೂರ. ಕಾರ್ನಿಯಾ ಸವೆಯುವುದಿಲ್ಲ, ಬೇಡವೆನಿಸಿದರೆ ಹೊರತೆಗೆಯಬಹುದು. ಆದರೆ ಇದು ಕಣ್ಣಿನ ಒಳಗೆ ನಡೆಯುವ ಶಸ್ತ್ರಚಿಕಿತ್ಸೆ, ಖರ್ಚೂ ಹೆಚ್ಚು. ಕಾರ್ನಿಯಾದ ಹಿಂದಿರುವ ಕಣ್ಣಿನ ಮುಂಕೋಣೆ ಸುಮಾರು 3 ಮಿ.ಮೀ. ಆಳವಿರಬೇಕು, ಕಾರ್ನಿಯಾದ ಒಳಪದರದ ಜೀವಕೋಶಗಳು ಸಾಕಷ್ಟಿರಬೇಕು, ಆಮೇಲೂ ವರ್ಷಕ್ಕೊಮ್ಮೆ ಕಣ್ಣಿನ ಒತ್ತಡವನ್ನೂ ಎರಡು ಮಸೂರಗಳ ನಡುವಿನ ಅಂತರವನ್ನೂ ನೋಡಿಸಬೇಕು.

ಯಾವುದನ್ನೇ ಮಾಡಿಸಿದರೂ ಕನ್ನಡಕ ಹೋಗುತ್ತದೆ, ಆದರೆ ಸಮೀಪದೃಷ್ಟಿಯ (ಮೈನಸ್ ಪವರಿನ) ಕಣ್ಣಿನ ಉದ್ದ ಹಾಗೆಯೇ ಉಳಿಯುತ್ತದೆ. ಸಾಮಾನ್ಯ ಕಣ್ಣಿನ ಗುಡ್ಡೆ ಸುಮಾರು 24 ಮಿ.ಮೀ. ಉದ್ದವಿರುತ್ತದೆ, ಅದು ಒಂದು ಮಿ.ಮೀ. ಹೆಚ್ಚು ಬೆಳೆದರೆ ಎರಡೂವರೆಯಿಂದ ಮೂರು ಡಯಾಪ್ಟರ್ ಪವರ್ ಬರುತ್ತದೆ. ಹಾಗೆ ಉದ್ದವಾದ ಕಣ್ಣಿನಲ್ಲಿ ಹಿಂಭಾಗದ ರೆಟಿನಾ, ಅಂದರೆ ಬೆಳಕನ್ನು ಗ್ರಹಿಸುವ ಪದರ, ಎಳೆದು ತೆಳ್ಳಗಾಗಿರುತ್ತದೆ, ಲೇಸರ್ ಅದನ್ನು ಗಿಡ್ಡ ಮಾಡಲಾರದು. ಆದ್ದರಿಂದ ಮೊದಲು ಪಾಪೆ ಹಿಗ್ಗಿಸುವ ಹನಿಯನ್ನು ಕಣ್ಣಿಗೆ ಹಾಕಿಸಿ ರೆಟಿನಾ ಅಂಚಿನವರೆಗೂ ಪರೀಕ್ಷೆ ಮಾಡಿಸಿ; ಆ ದಿನ ಸ್ಕೂಟಿ ಓಡಿಸದೆ ಜೊತೆಗೆ ಯಾರನ್ನಾದರೂ ಕರೆದೊಯ್ಯಿರಿ. ಕಣ್ಣಲ್ಲಿ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ದಿಢೀರನೆ ಹೆಚ್ಚಿದರೆ, ಅಂಚಿನಿಂದ ಪರದೆ ಬಿದ್ದಂತೆ ಕಂಡರೆ ಅಂದೇ ವೈದ್ಯರ ಬಳಿ ಓಡಬೇಕು.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕ, 42 ವರ್ಷ, ಎರಡೂ ಕಣ್ಣಿಗೆ ಮೈನಸ್ 7. ಉತ್ತರಪತ್ರಿಕೆ ತಿದ್ದುವಾಗ ಕನ್ನಡಕ ತೆಗೆದಿಟ್ಟರೆ ಸಲೀಸು. ಈಗ ಲೇಸರ್ ಮಾಡಿಸಿಕೊಳ್ಳಬಹುದೇ?
— ಓದುಗ, ಚಿತ್ರದುರ್ಗ

ಉತ್ತರ: ಕಾರ್ನಿಯಾ ದಪ್ಪವಿದ್ದು ಆಕಾರ ಸರಿಯಿದ್ದರೆ ಮಾಡಿಸಿಕೊಳ್ಳಬಹುದು. ಆದರೆ ದೂರದ ಪವರ್ ಪೂರ್ತಿ ತೆಗೆದರೆ, ಇಂದು ಕನ್ನಡಕ ತೆಗೆದು ಓದುವ ನೀವು ನಾಳೆ ಅದೇ ಉತ್ತರಪತ್ರಿಕೆಗೆ ಚಾಳೀಸು ಹುಡುಕಬೇಕಾಗುತ್ತದೆ. ಒಂದು ಕಣ್ಣಿನಲ್ಲಿ ಒಂದೂಕಾಲರಷ್ಟು ಮೈನಸ್ ಉಳಿಸಿ ಇದನ್ನು ಸ್ವಲ್ಪಮಟ್ಟಿಗೆ ತಪ್ಪಿಸುವುದುಂಟು. ಅದು ಎಲ್ಲರಿಗೂ ಒಗ್ಗುವುದಿಲ್ಲವಾದ್ದರಿಂದ ಮೊದಲು ಒಂದೆರಡು ವಾರ ಕಾಂಟ್ಯಾಕ್ಟ್ ಲೆನ್ಸ್‌ನಲ್ಲಿ ಹಾಗೆ ಇದ್ದು ನೋಡಿ. ಮಾಡಿಸಿಕೊಂಡರೆ, ಈಗಿನ ಪವರ್ ಮತ್ತು ಕಾರ್ನಿಯಾದ ಅಳತೆಯ ಕಾಗದಗಳನ್ನು ಎಸೆಯಬೇಡಿ. ಮುಂದೆ ಕಣ್ಣಿನ ಪೊರೆಯ ಆಪರೇಷನ್ ಮಾಡುವವರು ಒಳಗಿಡುವ ಲೆನ್ಸ್‌ನ ಪವರ್ ಲೆಕ್ಕ ಹಾಕಲು ಅವನ್ನೇ ಕೇಳುತ್ತಾರೆ.