ಗೋಲ್‌ಪೋಸ್ಟಿನ ಅಂಚೆ: ಈ ಸಲ ಬರೀ ಘಾನಾ

ಕಳೆದ ಸಂಚಿಕೆಯಲ್ಲಿ ಯಾವುದೋ ಉತ್ತರದ ಕೊನೆಗೆ ಒಂದು ಸಾಲು ಬರೆದಿದ್ದೆ: ‘2010ರಲ್ಲಿ ಘಾನಾಕ್ಕೆ ಯಾರೂ ಮೋಸ ಮಾಡಲಿಲ್ಲ.’ ಆ ವರ್ಷದ ಫುಟ್‌ಬಾಲ್ ವಿಶ್ವಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಘಾನಾ ಉರುಗ್ವೆಗೆ ಸೋತದ್ದರ ಮಾತು ಅದು. ಅಷ್ಟಕ್ಕೇ ಕಾಗದಗಳ ಮೇಲೆ ಕಾಗದ. ಸಂಪಾದಕರು ಕಟ್ಟನ್ನು ನನ್ನ ಮುಂದಿಟ್ಟು ‘ನೀವೇ ಎಬ್ಬಿಸಿದ್ದು, ನೀವೇ ಮಲಗಿಸಿ’ ಅಂದರು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆ ರಜೆ.

ಹೊಸ ಓದುಗರಿಗೆ ನನ್ನ ಗುರುತು: ಹಗಲು ಮಂಗಳೂರಿನ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಗೋದಾಮಿನ ಗುಮಾಸ್ತನಾಗಿದ್ದೆ, ಸಂಜೆ ನೆಹರೂ ಮೈದಾನದಲ್ಲಿ ಗೋಲ್‌ಕೀಪರ್. ಈಗ ಎರಡರಿಂದಲೂ ನಿವೃತ್ತ. ಘಾನಾ ಅನ್ನುವುದನ್ನು ನಾನು ಮೊದಲು ಓದಿದ್ದು ಗೋಣಿಚೀಲದ ಮೇಲೆ. ಪಶ್ಚಿಮ ಆಫ್ರಿಕಾದ ಹಸಿ ಬೀಜ ಬರುವ ದಿನಗಳಲ್ಲಿ ಐವರಿ ಕೋಸ್ಟಿನ ಚೀಲ ಒಂದು ಕಡೆ, ಘಾನಾದ ಚೀಲ ಇನ್ನೊಂದು ಕಡೆ ಅಟ್ಟಿ ಹಾಕಿಸುತ್ತಿದ್ದೆವು. ಆ ಎರಡು ಅಟ್ಟಿಗಳ ನಡುವಿನ ಕಥೆ ಕೆಳಗೆ ಬರುತ್ತದೆ.

ಪ್ರಶ್ನೆ: ಗೋಲಿನೊಳಗೆ ಹೋಗುವ ಚೆಂಡನ್ನು ಉರುಗ್ವೆಯ ಸುವಾರೆಸ್ ಕೈಯಲ್ಲಿ ತಡೆದ. ಇಡೀ ಜಗತ್ತು ಕಂಡಿದೆ. ಅದು ಮೋಸ ಅಲ್ಲದಿದ್ದರೆ ಮತ್ತೇನು ಸಾರ್? (ಪುತ್ತೂರಿನ ಓದುಗರು)

ನಾನೂ ಕಂಡಿದ್ದೇನೆ ಮಾರಾಯ್ರೇ. 2010ರ ಜುಲೈ 2ರ ಪಂದ್ಯ ಅದು. ಜೊಹಾನ್ಸ್‌ಬರ್ಗ್‌ನ ಸಾಕರ್ ಸಿಟಿಯಲ್ಲಿ ಸಂಜೆ ಶುರುವಾದದ್ದು ನಮಗೆ ನಡುರಾತ್ರಿ ಹನ್ನೆರಡಕ್ಕೆ. ಹೊರಗೆ ಮುಂಗಾರು ಮಳೆ, ಒಳಗೆ ನಾನು ಮತ್ತು ಪಕ್ಕದ ಮನೆಯ ಇಬ್ಬರು ಹುಡುಗರು. ಕರೆಂಟು ಹೋಗದೇ ಇದ್ದದ್ದು ನಮ್ಮ ಪುಣ್ಯ. ವಿರಾಮಕ್ಕೆ ಮುಂಚೆ ಘಾನಾದ ಸುಲೇ ಮುಂಟಾರಿ ದೂರದಿಂದ ಹೊಡೆದು ಗೋಲು ಮಾಡಿದ, ವಿರಾಮದ ನಂತರ ಉರುಗ್ವೆಯ ಫೊರ್ಲಾನ್ ಫ್ರೀ ಕಿಕ್‌ನಲ್ಲಿ ಸಮ ಮಾಡಿದ. ಒಂದು-ಒಂದರಲ್ಲೇ ಹೆಚ್ಚುವರಿ ಆಟವೂ ಮುಗಿಯುತ್ತ ಬಂತು. ಕೊನೆಯ ಗಳಿಗೆಯಲ್ಲಿ ಉರುಗ್ವೆಯ ಗೋಲಿನೆದುರು ಜಾತ್ರೆ. ಅಪಿಯಾ ಒದ್ದದ್ದು ಗೆರೆಯ ಮೇಲಿದ್ದ ಸುವಾರೆಸ್‌ನ ಕಾಲಿಗೆ ಬಡಿದು ಬಂತು. ಮತ್ತೆ ಮೇಲೆದ್ದ ಚೆಂಡಿಗೆ ಅಡಿಯಾ ತಲೆ ಕೊಟ್ಟ. ಆಗ ಸುವಾರೆಸ್ ಎರಡೂ ಕೈ ಎತ್ತಿ ಅದನ್ನು ಹೊರದಬ್ಬಿದ. ಗೋಲ್‌ಕೀಪರ್ ಆಗಿದ್ದವನಿಗೆ ಒಂದು ಕ್ಷಣ ‘ಭಲೇ!’ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ರೆಫರಿ ಕಣ್ಣು ಮುಚ್ಚಿಕೊಳ್ಳಲಿಲ್ಲ. ಕೆಂಪು ಚೀಟಿ ತೋರಿಸಿದರು, ಪೆನಾಲ್ಟಿ ಕೊಟ್ಟರು. ನಿಯಮದಲ್ಲಿ ಬರೆದಿದ್ದ ದಂಡ ಅಷ್ಟೇ. ರಗ್ಬಿಯಲ್ಲಿ ಹೀಗೆ ಖಚಿತವಾದ ಅಂಕವನ್ನು ತಪ್ಪು ಮಾಡಿ ತಡೆದರೆ ಅಂಕವನ್ನೇ ಕೊಟ್ಟುಬಿಡುತ್ತಾರೆ. ಫುಟ್‌ಬಾಲಿನಲ್ಲಿ ಅದಿಲ್ಲ. ಇರಬೇಕಿತ್ತು ಅಂತ ವಾದಿಸಿ, ನಾನೂ ನಿಮ್ಮ ಜೊತೆ ಸಹಿ ಹಾಕುತ್ತೇನೆ. ಆದರೆ ಮೋಸ ಅಂದರೆ ಸಿಕ್ಕಿಬೀಳದೆ ದಕ್ಕಿಸಿಕೊಳ್ಳುವುದು. ಇವನು ಎಲ್ಲರ ಎದುರೇ ಸಿಕ್ಕಿಬಿದ್ದ, ಅಳುತ್ತ ಹೊರನಡೆದ.

ಇನ್ನು ಹನ್ನೆರಡು ಗಜದಲ್ಲಿ ಚೆಂಡು, ಎದುರಿಗೆ ಘಾನಾದ ಅಸಮೋವಾ ಜ್ಯಾನ್. ಅದೇ ಕೂಟದಲ್ಲಿ ಸರ್ಬಿಯಾಕ್ಕೂ ಆಸ್ಟ್ರೇಲಿಯಾಕ್ಕೂ ಪೆನಾಲ್ಟಿಯಲ್ಲೇ ಗೋಲು ಹೊಡೆದಿದ್ದವನು. ಅಮೆರಿಕವನ್ನು ಹೆಚ್ಚುವರಿ ಸಮಯದಲ್ಲಿ ಮನೆಗೆ ಕಳಿಸಿದ್ದೂ ಅವನೇ. ಇದೊಂದು ಹೋಗಿದ್ದರೆ ಆಫ್ರಿಕಾದ ತಂಡವೊಂದು ಮೊದಲ ಬಾರಿಗೆ ವಿಶ್ವಕಪ್ ಸೆಮಿಫೈನಲ್ ಕಾಣುತ್ತಿತ್ತು. ಚೆಂಡು ಅಡ್ಡಪಟ್ಟಿಯ ಮೇಲಂಚಿಗೆ ‘ಟಣ್’ ಅಂತ ಬಡಿದು ಆಕಾಶಕ್ಕೆ ಹೋಯಿತು. ಹೊರಹೋಗುತ್ತಿದ್ದ ಸುವಾರೆಸ್ ಬಾಗಿಲ ಹತ್ತಿರ ಕುಣಿದ. ಆ ಕುಣಿತ ನನಗೂ ಇಷ್ಟವಾಗಲಿಲ್ಲ.

ಹೆಚ್ಚಿನವರು ಮರೆಯುವ ಮಾತೊಂದಿದೆ. ಪಂದ್ಯ ಸಮವಾಗಿಯೇ ಮುಗಿದು, ಕೆಲವೇ ನಿಮಿಷ ಕಳೆದು ಶೂಟೌಟ್ (ಎರಡೂ ತಂಡ ಸರದಿಯಲ್ಲಿ ಪೆನಾಲ್ಟಿ ಒದೆಯುವುದು) ಶುರುವಾದಾಗ ಘಾನಾದ ಮೊದಲ ಪೆನಾಲ್ಟಿಗೆ ನಡೆದು ಬಂದವನು ಇದೇ ಜ್ಯಾನ್. ಮೇಲಿನ ಮೂಲೆಗೆ ಇಟ್ಟ. ನಾನಾಗಿದ್ದರೆ ಚಪ್ಪಲಿ ಹುಡುಕಿಕೊಂಡು ಮನೆಗೆ ಹೊರಟಿರುತ್ತಿದ್ದೆ. ತಪ್ಪಿದ್ದು ನಾಯಕ ಜಾನ್ ಮೆನ್ಸಾ ಮತ್ತು ಅಡಿಯಾ, ಇಬ್ಬರದನ್ನೂ ಉರುಗ್ವೆಯ ಗೋಲ್‌ಕೀಪರ್ ಮುಸ್ಲೆರಾ ಹಿಡಿದ. ಉರುಗ್ವೆಯ ಅಬ್ರೆವು ಕೊನೆಯದನ್ನು ಮಗುವಿಗೆ ತುತ್ತು ಕೊಟ್ಟ ಹಾಗೆ ಮೆಲ್ಲಗೆ ಎತ್ತಿ ಹಾಕಿದ. ನಾಲ್ಕು-ಎರಡು. ಪಕ್ಕದ ಮನೆಯ ಹುಡುಗರಲ್ಲಿ ಚಿಕ್ಕವನು ಅತ್ತ. ಅವನಿಗೆ ಘಾನಾ ಎಲ್ಲಿದೆ ಅಂತ ಗೊತ್ತಿರಲಿಲ್ಲ.

ಪ್ರಶ್ನೆ: ಘಾನಾ ಆಫ್ರಿಕಾ ಕಪ್ ಎಷ್ಟು ಸಲ ಗೆದ್ದಿದೆ? ನನಗೂ ಮಗನಿಗೂ ಪಂಥ. ಅವನು ಎರಡು ಅನ್ನುತ್ತಾನೆ, ನಾನು ಐದು. (ಹಾಸನ)

ನಾಲ್ಕು. 1963, 1965, 1978, 1982. ಮಗನಿಗೆ ಅರ್ಧ ಐಸ್‌ಕ್ರೀಮ್ ಕೊಡಿಸಿ, ಇನ್ನರ್ಧ ನೀವು ತಿನ್ನಿ.

ಪ್ರಶ್ನೆ: ಘಾನಾ ತಂಡಕ್ಕೆ ‘ಬ್ಲ್ಯಾಕ್ ಸ್ಟಾರ್ಸ್’ ಅನ್ನುವ ಹೆಸರು ಹೇಗೆ ಬಂತು? (ತೀರ್ಥಹಳ್ಳಿ)

ಧ್ವಜದ ನಡುವಿನ ಕಪ್ಪು ನಕ್ಷತ್ರದಿಂದ. ಆ ನಕ್ಷತ್ರದ ಮೂಲ ಒಂದು ಹಡಗು ಕಂಪನಿ! ಜಮೈಕಾದ ಮಾರ್ಕಸ್ ಗಾರ್ವಿ ಕರಿಯ ಜನರದ್ದೇ ಒಂದು ಹಡಗು ಸಂಸ್ಥೆ ಕಟ್ಟಿ ಅದಕ್ಕೆ ‘ಬ್ಲ್ಯಾಕ್ ಸ್ಟಾರ್ ಲೈನ್’ ಅಂತ ಹೆಸರಿಟ್ಟಿದ್ದರು. 1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾದಾಗ ನಕ್ಷತ್ರ ಧ್ವಜಕ್ಕೆ ಬಂತು, ಅಲ್ಲಿಂದ ಜೆರ್ಸಿಗೆ.

ದೇಶ ಕಟ್ಟಿದ ಕ್ವಾಮೆ ಎನ್‌ಕ್ರುಮಾ ಫುಟ್‌ಬಾಲನ್ನು ಬರೀ ಆಟ ಅಂದುಕೊಳ್ಳಲಿಲ್ಲ. ಆಫ್ರಿಕಾ ಒಂದಾಗಬೇಕು ಅನ್ನುವ ಅವರ ಮಾತಿಗೆ ಈ ತಂಡ ತುತ್ತೂರಿಯಾಗಿತ್ತು. 1963ರಲ್ಲಿ ಅಕ್ರಾದಲ್ಲೇ ಸುಡಾನನ್ನು 3-0ಯಿಂದ ಸೋಲಿಸಿ ಕಪ್ ಎತ್ತಿದರು. ಎರಡು ವರ್ಷ ಬಿಟ್ಟು ಟ್ಯೂನಿಸ್‌ಗೆ ಹೋಗಿ ಟುನೀಶಿಯಾವನ್ನು ಅವರ ಅಂಗಳದಲ್ಲೇ 3-2ರಿಂದ ಮಣಿಸಿದರು. ಎರಡಕ್ಕೂ ಕೋಚ್ ಸಿ.ಕೆ. ಜ್ಯಾಂಫಿ, ತಮ್ಮದೇ ನೆಲದವರು. 1982ರ ಕಪ್ಪೂ ಅವರದೇ.

ಆ ಕಾಲದ ತಂಡ ವಿಶ್ವಕಪ್ ಆಡಲಿಲ್ಲ ಯಾಕೆ ಅಂತ ಕುಂದಾಪುರದವರು ಬೇರೆಯೇ ಕೇಳಿದ್ದಾರೆ, ಇಲ್ಲೇ ಹೇಳಿಬಿಡುತ್ತೇನೆ. 1966ರ ವಿಶ್ವಕಪ್‌ಗೆ ಫಿಫಾ ಇಡೀ ಆಫ್ರಿಕಾಕ್ಕೆ ಒಂದು ಪೂರ್ತಿ ಜಾಗವನ್ನೂ ಕೊಡಲಿಲ್ಲ. ಆಫ್ರಿಕಾದಲ್ಲಿ ಗೆದ್ದವರು ಮತ್ತೆ ಏಷ್ಯಾ ಕಡೆಯವರ ಜೊತೆ ಆಡಿ ಗೆಲ್ಲಬೇಕಿತ್ತು. ಎನ್‌ಕ್ರುಮಾ ಮತ್ತು ಅವರ ಕ್ರೀಡಾ ನಿರ್ದೇಶಕ ಓಹೆನೆ ಜಾನ್ ‘ಹಾಗಾದರೆ ನಾವು ಬರುವುದೇ ಇಲ್ಲ’ ಅಂದರು. ಆಫ್ರಿಕಾದ ತಂಡಗಳು ಒಟ್ಟಾಗಿ ಹಿಂದೆ ಸರಿದವು. 1970ರಿಂದ ಆಫ್ರಿಕಾಕ್ಕೆ ಒಂದು ಜಾಗ ಗಟ್ಟಿಯಾಯಿತು, ಅದರಲ್ಲಿ ಮೊದಲು ಹೋದದ್ದು ಮೊರಾಕ್ಕೊ. ಘಾನಾ ಒಳಗೆ ಕಾಲಿಡಲು 2006 ಆಗಬೇಕಾಯಿತು. ಬೇಲಿ ಮುರಿದವನಿಗಿಂತ ಮೊದಲು ಪಕ್ಕದ ಮನೆಯವನು ಹಲಸು ಕೊಯ್ದ ಹಾಗೆ.

ಪ್ರಶ್ನೆ: ಆ ತಂಡದಲ್ಲಿ ಎಲ್ಲಿ ನೋಡಿದರೂ ಕ್ವಾಮೆ, ಕೋಫಿ, ಕ್ವಾಡ್ವೊ. ಎಲ್ಲ ಸಂಬಂಧಿಕರೋ? (ಉಡುಪಿ)

ಉಡುಪಿಯವರು ಇದನ್ನು ಕೇಳಬಾರದಿತ್ತು! ನಿಮ್ಮ ಊರಿನ ಹಿರಿಯರಲ್ಲಿ ಐತ, ತೋಮ, ಅಂಗಾರ, ಗುರುವ, ತುಕ್ರ, ತನಿಯ ಇರಲಿಲ್ಲವೇ? ಘಾನಾದ ಅಕಾನ್ ಜನರಲ್ಲೂ ಹುಟ್ಟಿದ ವಾರವೇ ಹೆಸರು. ಭಾನುವಾರ ಹುಟ್ಟಿದವನು ಕ್ವಾಸಿ, ಸೋಮವಾರ ಕ್ವಾಡ್ವೊ, ಶುಕ್ರವಾರ ಕೋಫಿ, ಶನಿವಾರ ಕ್ವಾಮೆ. ಅಂದರೆ ಎನ್‌ಕ್ರುಮಾ ನಮ್ಮ ಲೆಕ್ಕದಲ್ಲಿ ತನಿಯಣ್ಣ, ವಿಶ್ವಸಂಸ್ಥೆಯ ಕೋಫಿ ಅನ್ನಾನ್ ತುಕ್ರಣ್ಣ. ನಮ್ಮಲ್ಲಿ ಆ ಹೆಸರುಗಳನ್ನು ಬಡವರ ಹಟ್ಟಿಗೆ ಬಿಟ್ಟು, ಆಮೇಲೆ ಅಲ್ಲಿಂದಲೂ ಅಳಿಸಿಬಿಟ್ಟೆವು. ಅವರು ಅಧ್ಯಕ್ಷರ ಕುರ್ಚಿಯವರೆಗೆ ಒಯ್ದರು.

ಪ್ರಶ್ನೆ: 1982ರ ನಂತರ ಕಪ್ ಇಲ್ಲ ಅಂದರೆ ತಂಡ ದುರ್ಬಲ ಅಂತಲೇ ಅಲ್ಲವೇ? (ಬೆಂಗಳೂರು)

ದುರ್ಬಲರು ಫೈನಲ್‌ವರೆಗೆ ಹೋಗುವುದಿಲ್ಲ. 1992, 2010, 2015, ಮೂರು ಸಲ ಹೋದರು. 2010ರದ್ದು ಈಜಿಪ್ಟ್ ಎದುರು 1-0, ಹೇಳುವಂಥದ್ದೇನಿಲ್ಲ. ಉಳಿದೆರಡು ನನ್ನ ಗೋದಾಮಿನ ಎರಡು ಅಟ್ಟಿಗಳ ಕಥೆ: ಎರಡರಲ್ಲೂ ಎದುರಾಳಿ ಐವರಿ ಕೋಸ್ಟ್, ಎರಡರಲ್ಲೂ 0-0, ಎರಡೂ ಪೆನಾಲ್ಟಿ.

1992, ಡಕಾರ್. ಘಾನಾದ ಅಬೆದಿ ಪೆಲೆ ಆಗ ಆಫ್ರಿಕಾದ ಅತ್ಯುತ್ತಮ ಆಟಗಾರ. ಫೈನಲ್‌ನಲ್ಲಿ ಅವನಿಲ್ಲ, ಹಳದಿ ಚೀಟಿ ಸೇರಿ ನಿಷೇಧ. ಶೂಟೌಟ್‌ನಲ್ಲಿ ಹನ್ನೊಂದು ಜನವೂ ಒದ್ದು ಮುಗಿಸಿ, ಗೋಲ್‌ಕೀಪರ್‌ಗಳೂ ಒದ್ದು, ಸರದಿ ಮತ್ತೆ ಮೊದಲಿಗೆ ಬಂತು. ಎರಡನೇ ಸುತ್ತಿನಲ್ಲಿ ಘಾನಾದ ಆಂಥನಿ ಬಾಫೋ ತಪ್ಪಿದ. ಹನ್ನೊಂದು-ಹತ್ತು.

2015, ಈಕ್ವಟೋರಿಯಲ್ ಗಿನಿಯ ಬಾಟಾ. ಐವರಿ ಕೋಸ್ಟ್ ಮೊದಲ ಎರಡನ್ನೂ ತಪ್ಪಿತು. ಕಪ್ಪಿಗೆ ಕೈ ಹಾಕಿದಂತೆಯೇ ಇತ್ತು. ಘಾನಾ ತಾನೂ ಎರಡು ತಪ್ಪಿ ಲೆಕ್ಕ ಸರಿಮಾಡಿತು! ಆಮೇಲೆ ಒಬ್ಬರೂ ತಪ್ಪಲಿಲ್ಲ, ಸರದಿ ಗೋಲ್‌ಕೀಪರ್‌ಗಳಿಗೆ ಬಂತು. ಐವರಿ ಕೋಸ್ಟಿನ ಗೋಲ್‌ಕೀಪರ್ ಬೂಬಕರ್ ಬಾರಿ ಬಹಳ ನಾಟಕದ ಮನುಷ್ಯ: ಕಾಲು ಹಿಡಿದುಕೊಂಡು ನೆಲಕ್ಕೆ ಬೀಳುವುದು, ಮತ್ತೆ ಏಳುವುದು. ಘಾನಾದ ಬ್ರಿಮಾ ರಜಾಕ್ ಒದ್ದದ್ದನ್ನು ಅವನು ಹಿಡಿದ. ನಂತರ ತಾನೇ ಚೆಂಡಿಟ್ಟು ರಜಾಕ್‌ಗೆ ಗೋಲು ಹೊಡೆದ. ಒಂಬತ್ತು-ಎಂಟು. ಗೋಲ್‌ಕೀಪರ್ ಒಬ್ಬನಿಗೆ ಇದಕ್ಕಿಂತ ದೊಡ್ಡ ಶಾಪ ಉಂಟೇ? ಒದೆಯುವುದು ನಮ್ಮ ಕಸುಬೇ ಅಲ್ಲ ಮಾರಾಯ್ರೇ.

ಪೆನಾಲ್ಟಿ ಯಾವತ್ತೂ ಕೈಕೊಟ್ಟಿದೆ ಅನ್ನಲೂ ಆಗದು. 1982ರಲ್ಲಿ ಟ್ರಿಪೋಲಿಯಲ್ಲಿ ಆತಿಥೇಯ ಲಿಬಿಯಾವನ್ನು ಸೋಲಿಸಿದ್ದು ಪೆನಾಲ್ಟಿಯಲ್ಲೇ, 7-6. ಆ ತಂಡದಲ್ಲಿ ಹದಿನೇಳರ ಅಬೆದಿಯೂ ಇದ್ದ. ಕೊನೆಯ ಕಪ್ ಕೊಟ್ಟದ್ದೂ ಹನ್ನೆರಡು ಗಜ, ಕಸಿದದ್ದೂ ಅದೇ ಹನ್ನೆರಡು ಗಜ.

ಆದರೆ ಈಚೆಗಿನದಕ್ಕೆ ಈ ಸಮಜಾಯಿಷಿ ಕೊಡಲಾರೆ. 2022ರ ಜನವರಿಯಲ್ಲಿ ಕೊಮೊರೊಸ್ ಅನ್ನುವ ಪುಟ್ಟ ದ್ವೀಪದೇಶದ ಕೈಯಲ್ಲಿ 3-2ರಿಂದ ಸೋತು ಗುಂಪು ಹಂತದಲ್ಲೇ ಮನೆಗೆ. ಮುಂದಿನ ಕೂಟದಲ್ಲೂ ಗುಂಪು ಹಂತ ದಾಟಲಿಲ್ಲ. 2025ರ ಕೂಟಕ್ಕೆ ಅರ್ಹತೆಯೇ ಸಿಗಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಅದೇ ಕೊಮೊರೊಸ್ ಎದುರು ಕುದುಸ್ ಒಂದು ಗೋಲು ಹೊಡೆದು 2026ರ ವಿಶ್ವಕಪ್‌ಗೆ ಟಿಕೆಟ್ ತೆಗೆಸಿದ. ಹೊರಗಿನ ಮದುವೆಗೆ ಜರಿ ಸೀರೆ, ಮನೆಯ ಪೂಜೆಗೆ ಗೈರು.

ಪ್ರಶ್ನೆ: 2014ರಲ್ಲಿ ‘ದುಡ್ಡು ಕೊಟ್ಟರೆ ಮಾತ್ರ ಆಡುತ್ತೇವೆ’ ಅಂದ ಆಟಗಾರರನ್ನು ನೀವು ಸಮರ್ಥಿಸುತ್ತೀರಾ? ದೇಶಕ್ಕಿಂತ ದುಡ್ಡು ದೊಡ್ಡದೇ? (ದಾವಣಗೆರೆ, ನಿವೃತ್ತ ಶಿಕ್ಷಕರು)

ಗುರುಗಳೇ, ನಿಮ್ಮ ಪಿಂಚಣಿ ಮೂರು ತಿಂಗಳು ಬರದಿದ್ದರೆ ನೀವು ಖಜಾನೆಗೆ ಹೋಗುತ್ತೀರೋ, ದೇಶಭಕ್ತಿಗೀತೆ ಹಾಡುತ್ತೀರೋ?

ನಡೆದದ್ದು ಇಷ್ಟು. ಬ್ರೆಜಿಲ್‌ಗೆ ಹೋಗಿದ್ದ ತಂಡಕ್ಕೆ ಹೇಳಿದ ಹಣ ತಲುಪಿರಲಿಲ್ಲ. ಆಟಗಾರರು ಅಭ್ಯಾಸಕ್ಕೆ ಹೋಗಲಿಲ್ಲ, ನಗದಾಗಿ ಕೈಗೇ ಬರಬೇಕು ಅಂತ ಕೂತರು. ಕೊನೆಗೆ ಸರಕಾರ 30 ಲಕ್ಷ ಡಾಲರ್‌ಗೂ ಹೆಚ್ಚು ನಗದನ್ನು ವಿಮಾನದಲ್ಲಿ ಕಳಿಸಿತು. ವಿಮಾನ ನಿಲ್ದಾಣದಿಂದ ಹೋಟೆಲಿಗೆ ಪೊಲೀಸ್ ಬೆಂಗಾವಲು. ಮರುದಿನ ಪೋರ್ಚುಗಲ್ ಎದುರು 2-1ರ ಸೋಲು, ಪಂದ್ಯದ ಹೊತ್ತಿಗೆ ಮುಂಟಾರಿ ಮತ್ತು ಕೆವಿನ್-ಪ್ರಿನ್ಸ್ ಬೋಟೆಂಗ್ ಇಬ್ಬರೂ ಅಶಿಸ್ತಿಗಾಗಿ ತಂಡದಿಂದ ಹೊರಗೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೆ: ಐದೇ ದಿನ ಹಿಂದೆ ಇದೇ ಹುಡುಗರು ಜರ್ಮನಿಯ ಜೊತೆ 2-2 ಮಾಡಿದ್ದರು. ಕಪ್ ಗೆದ್ದ ಜರ್ಮನಿ ಆ ಕೂಟದಲ್ಲಿ ಗೆಲ್ಲಲಾಗದ ಪಂದ್ಯ ಅದೊಂದೇ.

ನಮ್ಮ ಕಾರ್ಖಾನೆಯಲ್ಲೂ ಒಂದು ದೀಪಾವಳಿಗೆ ಬೋನಸ್ ‘ಮುಂದಿನ ವಾರ’ ಅಂದರು. ಬೀಜ ಸುಲಿಯುವ ಹೆಂಗಸರು ಕೆಲಸ ಬಿಟ್ಟು ಅಂಗಳದಲ್ಲಿ ಕೂತರು. ‘ಅನ್ನ ಕೊಟ್ಟ ಸಂಸ್ಥೆಗೆ ಹೀಗೆ ಮಾಡಬಹುದೇ’ ಅಂತ ಬುದ್ಧಿ ಹೇಳಲು ನನ್ನನ್ನೇ ಕಳಿಸಿದರು. ಒಬ್ಬಾಕೆ ಗೇರಿನ ಸೊನೆಯಿಂದ ಸುಟ್ಟು ಕಪ್ಪಾದ ಬೆರಳುಗಳನ್ನು ನನ್ನ ಮುಖದ ಮುಂದೆ ಹಿಡಿದಳು, ಏನೂ ಹೇಳಲಿಲ್ಲ. ನಾನು ವಾಪಸ್ ಬಂದೆ.

ಪ್ರಶ್ನೆ: ಮಕ್ಕಳ ವಿಶ್ವಕಪ್ ಗೆಲ್ಲುವವರು ದೊಡ್ಡವರದ್ದು ಯಾಕೆ ಗೆಲ್ಲುವುದಿಲ್ಲ? (ಶಿರಸಿ)

ಹದಿನೇಳರೊಳಗಿನವರದ್ದು 1991 ಮತ್ತು 1995ರಲ್ಲಿ, ಇಪ್ಪತ್ತರೊಳಗಿನವರದ್ದು 2009ರಲ್ಲಿ ಗೆದ್ದರು, ಕೊನೆಯದನ್ನು ಬ್ರೆಜಿಲ್ ಎದುರು, ಹೌದು, ಪೆನಾಲ್ಟಿಯಲ್ಲಿ! 1992ರ ಒಲಿಂಪಿಕ್ಸ್‌ನಲ್ಲಿ ಕಂಚು, ಫುಟ್‌ಬಾಲಿನಲ್ಲಿ ಆಫ್ರಿಕಾದ ಮೊದಲ ಪದಕ. 2009ರಲ್ಲಿ ಎಂಟು ಗೋಲು ಹೊಡೆದು ಕೂಟದ ಶ್ರೇಷ್ಠ ಅನ್ನಿಸಿಕೊಂಡವನು ಯಾರು ಗೊತ್ತೇ? ಡೊಮಿನಿಕ್ ಅಡಿಯಾ. ಮರುವರ್ಷ ಸುವಾರೆಸ್ ಕೈಗೆ ತಲೆ ಕೊಟ್ಟವನು, ಶೂಟೌಟ್‌ನಲ್ಲಿ ತಪ್ಪಿದವನು. ಆಗ ಅವನಿಗೆ ಇಪ್ಪತ್ತು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಉದ್ದದ ಉತ್ತರ ನನ್ನಲ್ಲಿಲ್ಲ.

ಪ್ರಶ್ನೆ: 2022ರಲ್ಲಿ ಉರುಗ್ವೆ ಮೇಲೆ ಸೇಡು ತೀರಿತೇ? (ಕಲಬುರಗಿ)

ತಮಾಷೆಯ ಸೇಡು. ಕತಾರ್‌ನಲ್ಲಿ ಮತ್ತೆ ಅದೇ ಎದುರಾಳಿ, ಮತ್ತೆ ಘಾನಾಕ್ಕೆ ಪೆನಾಲ್ಟಿ. ಒದ್ದವನು ಆಂಡ್ರೆ ಅಯೂ, ಅಬೆದಿ ಪೆಲೆಯ ಮಗ. 2010ರ ಆ ಪಂದ್ಯದಲ್ಲಿ ಅವನು ಆಡಿರಲಿಲ್ಲ, ಅಪ್ಪನ ಹಾಗೆಯೇ ಹಳದಿ ಚೀಟಿಯ ನಿಷೇಧ. ಹನ್ನೆರಡು ವರ್ಷ ಕಾದು ಹನ್ನೆರಡು ಗಜದಿಂದ ಒದ್ದ. ಉರುಗ್ವೆಯ ಗೋಲ್‌ಕೀಪರ್ ರೊಶೆಟ್ ಹಿಡಿದ. ಆಮೇಲೆ ಉರುಗ್ವೆ ಎರಡು ಗೋಲು ಹೊಡೆಯಿತು. ಅಷ್ಟರಲ್ಲಿ ಪಕ್ಕದ ಪಂದ್ಯದಲ್ಲಿ ಕೊರಿಯಾ ಪೋರ್ಚುಗಲ್ಲನ್ನು ಸೋಲಿಸಿತು, ಉರುಗ್ವೆಗೆ ಇನ್ನೊಂದು ಗೋಲು ಬೇಕಾಯಿತು. ಸೋತು ಹೊರಬಿದ್ದಿದ್ದ ಘಾನಾ ಆ ಒಂದು ಗೋಲನ್ನು ಮಾತ್ರ ಬಿಟ್ಟುಕೊಡಲಿಲ್ಲ. ಬೆಂಚಿನ ಮೇಲೆ ಸುವಾರೆಸ್ ಜೆರ್ಸಿಯಲ್ಲಿ ಮುಖ ಮುಚ್ಚಿ ಅತ್ತ. ಗ್ಯಾಲರಿಯಲ್ಲಿ ಘಾನಾದವರು ಗೆದ್ದವರ ಹಾಗೆ ಕೇಕೆ ಹಾಕಿದರು. ನಾನೂ ನಕ್ಕೆ. ಸಣ್ಣತನವೇ, ಒಪ್ಪುತ್ತೇನೆ.

ಪ್ರಶ್ನೆ: ಇಷ್ಟೆಲ್ಲ ಹೇಳುವ ನೀವು ಎಷ್ಟು ಪೆನಾಲ್ಟಿ ಹಿಡಿದಿದ್ದೀರಿ? (ಕಾರ್ಕಳದ ಕಾಲೇಜು ವಿದ್ಯಾರ್ಥಿನಿ)

ಒಂದು. ಜೂನ್ ತಿಂಗಳು, ಮೈದಾನದಲ್ಲಿ ಮೊಣಕಾಲು ಕೆಸರು. ಆತ ಬಲಕ್ಕೆ ಒದ್ದ, ನಾನು ಎಡಕ್ಕೆ ಹಾರಿದೆ. ಚೆಂಡು ದಾರಿಯಲ್ಲಿ ನೀರಿನ ಹೊಂಡದಲ್ಲಿ ನಿಂತಿತು. ಎದ್ದು ಹೋಗಿ ಎತ್ತಿಕೊಂಡೆ.