ಚಿಕ್ಕ ಅಂಗಡಿಗಳು ಆನ್‌ಲೈನ್‌ಗೆ ಬರಲು ಸರ್ಕಾರ ಏನು ಮಾಡಬೇಕು?

"ಯುಪಿಐ ಎಲ್ಲ ಅಂಗಡಿಗೂ ಬಂತು. ಅದೇ ಅಂಗಡಿಯವರು ಆನ್‌ಲೈನ್‌ನಲ್ಲಿ ಮಾರೋದಕ್ಕೆ ಯಾಕೆ ಹಿಂದೇಟು ಹಾಕುತ್ತಾರೆ, ಸರ್ಕಾರ ಏನು ಮಾಡಿದರೆ ಸರಿ?" ಅಂತ ಕೇಳಿದ್ದೀರಿ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಊರಿನ ಸಾಮಾನಿನ ಅಂಗಡಿ ಇಟ್ಟಿದ್ದೇನೆ. ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ, ಮಂಗಳೂರು ಸೌತೆ. ಗಿರಾಕಿಗಳಲ್ಲಿ ಅರ್ಧ ನಮ್ಮ ಕಡೆಯವರು, ಅರ್ಧ ನಮ್ಮ ಉಪ್ಪಿನಕಾಯಿಯ ರುಚಿ ಹತ್ತಿದ ಮರಾಠಿಯವರು. ಒಂದು ಆ್ಯಪ್‌ನಲ್ಲಿ ಮಾರಲು ಹೋಗಿ ಪಟ್ಟ ಪಾಡು ಗೊತ್ತಿರೋದರಿಂದ ಬರೆಯುತ್ತಿದ್ದೇನೆ.

ಯುಪಿಐ ನಮ್ಮಿಂದ ಹೆಚ್ಚೇನೂ ಕೇಳಲಿಲ್ಲ. ಒಬ್ಬ ಹುಡುಗ ಬಂದ, ಪಾನ್, ಆಧಾರ್, ಬ್ಯಾಂಕ್ ಖಾತೆ ನೋಡಿದ, ಗಲ್ಲಾದ ಮುಂದೆ ಕ್ಯೂಆರ್ ಅಂಟಿಸಿ ಹೋದ. 2020ರ ಜನವರಿಯಿಂದ ಅದಕ್ಕೆ ಎಂಡಿಆರ್ (ಪ್ರತಿ ಪಾವತಿಗೆ ಅಂಗಡಿಯವನಿಂದ ಮುರಿದುಕೊಳ್ಳುವ ಶುಲ್ಕ) ಕೂಡ ಇಲ್ಲ. ಗಿರಾಕಿ ನೂರು ಕೊಟ್ಟರೆ ನೂರೂ ನನಗೇ. ಸುಮ್ನೆ ಆಗಿದ್ದಲ್ಲ ಇದು. ಸಣ್ಣ ಅಂಗಡಿಗಳ ಯುಪಿಐ ವ್ಯವಹಾರಕ್ಕೆ ಅಂತ ಕೇಂದ್ರ ಸರ್ಕಾರ 2024-25ಕ್ಕೆ 1,500 ಕೋಟಿ ರೂಪಾಯಿ ಪ್ರೋತ್ಸಾಹಧನ ಇಟ್ಟಿತ್ತು. (ದುಡ್ಡು ಬಂತು ಅಂತ ಕೂಗುವ ಡಬ್ಬಿಗೆ ಮಾತ್ರ ಬಾಡಿಗೆ ಕಟ್ಟುತ್ತೇನೆ. ಅದೂ ಹಿಂದಿಯಲ್ಲೇ ಕೂಗುತ್ತದೆ.)

ಮಾರಾಟದ ಕಥೆ ಬೇರೆ. ಅಲ್ಲಿ ಮೊದಲು ಬೇಕಾದದ್ದು ಕ್ಯಾಟಲಾಗ್, ಅಂದರೆ ಫೋಟೋ, ತೂಕ ಎಲ್ಲ ಇರುವ ಸಾಮಾನಿನ ಪಟ್ಟಿ. ನನ್ನ ಹಪ್ಪಳ ಕಾರ್ಕಳದ ಕಡೆಯ ಒಬ್ಬ ಅಕ್ಕ ಮನೆಯಲ್ಲಿ ಮಾಡಿ ಬಸ್ಸಿಗೆ ಹಾಕಿ ಕಳಿಸೋದು. ಆ್ಯಪ್ ಕೇಳಿತು: ಬ್ರಾಂಡ್ ಯಾವುದು? ಬಾರ್‌ಕೋಡ್ ಎಲ್ಲಿ? ಎಚ್‌ಎಸ್‌ಎನ್ ಕೋಡ್ (ತೆರಿಗೆಗೆ ಸಾಮಾನಿನ ಬಗೆ ಗುರುತಿಸುವ ಸಂಖ್ಯೆ) ಎಷ್ಟು? ತೂಕ ಎಷ್ಟು ಗ್ರಾಂ? ನಾವು ಹಪ್ಪಳ ಎಣಿಸಿ ಮಾರುವವರು, ಇಪ್ಪತ್ತೈದರ ಕಟ್ಟು. ಒಂದು ಕಟ್ಟು ತೂಗಿದರೆ ಒಂದು ಲೆಕ್ಕ, ಇನ್ನೊಂದು ತೂಗಿದರೆ ಇನ್ನೊಂದು. ಫೋಟೋ ಮೂರು ಸಲ ವಾಪಸ್ ಬಂತು, ಹಿಂದೆ ಪೂರ್ತಿ ಬಿಳಿ ಇಲ್ಲ ಅಂತ. ಕೊನೆಗೆ ನನ್ನ ಮದುವೆಯ ಪಂಚೆ ಹಾಸಿ, ಅದರ ಮೇಲೆ ಹಪ್ಪಳ ಇಟ್ಟು, ತಂಗಿಯ ಮಗ ಸ್ಟೂಲ್ ಹತ್ತಿ ಫೋಟೋ ತೆಗೆದ. ಅಂಗಡಿಯಲ್ಲಿ ಮುನ್ನೂರು ಬಗೆಯ ಸಾಮಾನಿದೆ. ಒಂದು ವಾರದಲ್ಲಿ ಆ್ಯಪ್‌ಗೆ ಏರಿದ್ದು ಹನ್ನೊಂದು.

ಕೇಂದ್ರದ ಟೀಮ್ ಯೋಜನೆ ಈ ವಿಷಯದಲ್ಲಿ ಸರಿಯಾದ ಜಾಗಕ್ಕೇ ಕೈ ಹಾಕಿದೆ. ಐದು ಲಕ್ಷ ಕಿರು ಮತ್ತು ಸಣ್ಣ ಉದ್ಯಮಗಳನ್ನು ಒಎನ್‌ಡಿಸಿ ಅನ್ನೋ ಆನ್‌ಲೈನ್ ಮಾರಾಟದ ಮುಕ್ತ ಜಾಲಕ್ಕೆ ತರೋದು ಗುರಿ, ಅದರಲ್ಲಿ ಅರ್ಧ ಮಹಿಳೆಯರದ್ದು. ಒಂದು ಆ್ಯಪ್‌ನಲ್ಲಿ ಹಾಕಿದ ಸಾಮಾನು ಬೇರೆ ಆ್ಯಪ್‌ನ ಗಿರಾಕಿಗೂ ಕಾಣಬೇಕು ಅನ್ನೋದು ಒಎನ್‌ಡಿಸಿಯ ಲೆಕ್ಕಾಚಾರ. ಕ್ಯಾಟಲಾಗ್, ಪ್ಯಾಕಿಂಗ್, ಸಾಗಣೆಗೆ ಟೀಮ್ ನೆರವು ಕೊಡುತ್ತದೆ. ಆದರೆ ನಮ್ಮ ಬೀದಿಯಲ್ಲಿ ನಾಲ್ಕು ಜನರನ್ನು ಕೇಳಿದೆ, ಒಬ್ಬರಿಗೂ ಇದರ ಹೆಸರೇ ಗೊತ್ತಿಲ್ಲ. ನನ್ನನ್ನು ಕೇಳಿದರೆ, ಹಾಲ್ ಬಾಡಿಗೆಗೆ ಹಿಡಿದು ತರಬೇತಿ ಶಿಬಿರ ಮಾಡೋದು ಬಿಡಬೇಕು. ಮಧ್ಯಾಹ್ನ ಎರಡು ಗಂಟೆಗೆ ಶಟರ್ ಎಳೆದು ಯಾರು ಹೋಗ್ತಾರೆ? ಆ ದುಡ್ಡಲ್ಲಿ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಅಂಗಡಿಗೇ ಕಳಿಸಲಿ. ಹತ್ತು ದಿನ ಕೂತು ಫೋಟೋ ತೆಗೆದು, ತೂಕ ಹಾಕಿ, ಪಟ್ಟಿ ಮಾಡಿಕೊಟ್ಟು ಹೋಗಲಿ. ಕ್ಯೂಆರ್ ಅಂಟಿಸಲು ಆಳು ಬಂದಿದ್ದ, ಅಲ್ವಾ?

ಜಿಎಸ್‌ಟಿ ವಿಷಯ. ಮೊದಲು ಇಂಥ ಆ್ಯಪ್‌ನಲ್ಲಿ ಒಂದು ರೂಪಾಯಿಯ ಸಾಮಾನು ಮಾರಿದರೂ ನೋಂದಣಿ ಕಡ್ಡಾಯ ಇತ್ತು. 2023ರ ಅಕ್ಟೋಬರ್ 1ರಿಂದ ಅದು ಸಡಿಲವಾಗಿದೆ. ವಹಿವಾಟು ಮಿತಿಯೊಳಗಿದ್ದರೆ (ಇಲ್ಲಿ ಸಾಮಾನಿಗೆ 40 ಲಕ್ಷ) ಪಾನ್ ಕೊಟ್ಟು ಒಂದು ದಾಖಲಾತಿ ಸಂಖ್ಯೆ ತಗೊಂಡರೆ ಸಾಕು. ಒಳ್ಳೆಯ ಕೆಲಸ. ಆದರೆ ರಾಜ್ಯದ ಗಡಿ ದಾಟುವ ಹಾಗಿಲ್ಲ. ಅಂದರೆ ನನ್ನ ಹಪ್ಪಳ ಪುಣೆಗೆ ಹೋಗಬಹುದು, ನಾಗಪುರಕ್ಕೂ ಹೋಗಬಹುದು, ಮಡಗಾಂವ್‌ಗೆ ಹೋಗೋ ಹಾಗಿಲ್ಲ. ಗೋವಾದಲ್ಲಿ ನಮ್ಮವರು ಕಡಿಮೆ ಇದ್ದಾರಾ? ಸಣ್ಣವರಿಗೆ ಈ ಗಡಿಯನ್ನೂ ತೆಗೆದರೆ ಜಾಸ್ತಿ ಉಪಕಾರ ಆಗುತ್ತದೆ.

ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಯದ್ದೂ ಒಂದು ತಮಾಷೆ. ಪುಕ್ಕಟೆ, ಆಧಾರ್ ಇದ್ದರೆ ಬೇಗ ಆಗುತ್ತದೆ. 2021ರ ಜುಲೈನಲ್ಲಿ ನಮ್ಮಂಥ ವ್ಯಾಪಾರಿಗಳನ್ನೂ ಸೇರಿಸಿಕೊಂಡರು, ಆದರೆ ಆದ್ಯತಾ ವಲಯದ ಸಾಲದ (ಕೆಲವು ವಲಯಗಳಿಗೆ ಬ್ಯಾಂಕುಗಳು ಇಷ್ಟು ಅಂತ ಕೊಡಲೇಬೇಕಾದ ಸಾಲ) ಲಾಭಕ್ಕೆ ಮಾತ್ರ. ಹಪ್ಪಳ ಮಾಡುವ ಅಕ್ಕ ಉತ್ಪಾದಕಿ, ಅವರಿಗೆ ಬೇರೆ ಯೋಜನೆಗಳ ಬಾಗಿಲುಗಳೂ ತೆರೆದಿವೆ. ಅವರ ಫೋನ್‌ನಲ್ಲಿ ನೆಟ್‌ವರ್ಕ್ ಸಿಗೋದು ಅಂಗಳದ ಒಂದು ಮೂಲೆಯಲ್ಲಿ. ಅವರ ಪರವಾಗಿ ಎಲ್ಲ ಮಾಡಬಲ್ಲವನು ನಾನು, ಆದರೆ ಕಾಗದದ ಮೇಲೆ ನಾನು ಬರೀ ವ್ಯಾಪಾರಿ.

ಇನ್ನು ಹೆದರಿಕೆ. 2025ರ ಜುಲೈನಲ್ಲಿ ಕರ್ನಾಟಕದಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋಯಿತಲ್ಲ, ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿತ್ತು. ಆ ಫೋಟೋ ನಮ್ಮ ಇಲ್ಲಿಯ ಕನ್ನಡ ಗ್ರೂಪ್‌ಗಳಲ್ಲೆಲ್ಲ ಓಡಾಡಿತು. ಪಕ್ಕದ ಹಣ್ಣಿನ ಅಂಗಡಿಯವನು ನನ್ನಿಂದ ಅದನ್ನು ಓದಿಸಿಕೊಂಡು, ಒಂದು ವಾರ ಕ್ಯೂಆರ್ ಮೇಲೆ ಬಾಳೆಹಣ್ಣಿನ ಗೊನೆ ನೇತುಹಾಕಿದ್ದ. ತೆರಿಗೆ ಕೇಳಬಾರದು ಅಂತ ನಾನು ಹೇಳೋದಿಲ್ಲ. ಮಿತಿ ಹತ್ತಿರ ಬಂದಾಗ ಮೊದಲೇ ಮೊಬೈಲ್‌ಗೆ ಒಂದು ಮೆಸೇಜ್ ಕಳಿಸಿದರೆ ಯಾರೂ ಗೊನೆ ನೇತುಹಾಕೋದಿಲ್ಲ.

ನಮ್ಮ ಹನ್ನೊಂದು ಸಾಮಾನು ಆ ಆ್ಯಪ್‌ನಲ್ಲಿ ಇನ್ನೂ ಇವೆ, ವಾರಕ್ಕೆ ಎರಡೋ ಮೂರೋ ಆರ್ಡರ್. ಸೌತೆಕಾಯಿ ಮಾತ್ರ ಹಾಕಿಲ್ಲ. ಚಾವಣಿಗೆ ಕಟ್ಟಿ ತೂಗುಹಾಕಿದ್ದೇನೆ, ಒಂದೊಂದೂ ಒಂದೊಂದು ತೂಕ. "ನೆಟ್ ಕ್ವಾಂಟಿಟಿ" ಅನ್ನೋ ಖಾನೆಯಲ್ಲಿ ಏನು ಬರೀಲಿ ಹೇಳಿ.